ರಟ್ಟಿನೊಳಗೆ ಹೋದ ರುಜುಗಳು

ಅವನನ್ನು ಎಲ್ಲರೂ ಗೋಂದಣ್ಣ ಎಂದೇ ಕರೆಯುತ್ತಿದ್ದರು. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು ಮೂವತ್ತನಾಲ್ಕು ವರ್ಷ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿದವನು. ಮದುವೆಯ ದಿನವೂ ಅವನ ಬೆರಳ ಸಂದಿಯ ಅಂಟು ಹೋಗಿರಲಿಲ್ಲವೆಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಕುಣಿತ ಅವನಿಗೆ ಸುತರಾಂ ಬಾರದು. ಆದರೆ ಮೂವತ್ತರ ವಯಸ್ಸಿನಲ್ಲಿ ನೃತ್ಯದ ಪುಸ್ತಕವೊಂದು ರಿಪೇರಿಗೆ ಬಂತು, ಪುಟಪುಟಕ್ಕೂ ಪಾದಗಳ ಚಿತ್ರ. ಅಂದು ಸಂಜೆಯೇ ಎದುರಿನ ರಂಗಮಂದಿರಕ್ಕೆ ಹೋಗಿ ಕೊನೆಯ ಸಾಲಿನಲ್ಲಿ ಕೂತ. ಅಲ್ಲಿಂದ ಹುಚ್ಚು ಹತ್ತಿತು. ನೃತ್ಯದ ಮೇಲಿನ ಪುಸ್ತಕವೇ ಆಗಬೇಕು, ಮೊದಲ ಮುದ್ರಣವೇ ಆಗಬೇಕು, ಮೊದಲ ಖಾಲಿ ಹಾಳೆಯ ಮೇಲೆ ಬರೆದವರ ರುಜು ಇರಬೇಕು. ರಂಗಮಂದಿರದ ಹಿಂಬಾಗಿಲಲ್ಲಿ ಪುಸ್ತಕ ಹಿಡಿದು ಗಂಟೆಗಟ್ಟಲೆ ನಿಲ್ಲುತ್ತಿದ್ದ. ಅಂಥ ಪುಸ್ತಕವೊಂದನ್ನು ಬರೆದ ಒಬ್ಬ ಮುದಿ ನರ್ತಕಿ ಪೆನ್ನು ತೆರೆಯುತ್ತಾ ಕೇಳಿದ್ದಳು, "ಏನಪ್ಪಾ ನಿನ್ನ ಕೆಲಸ?"

"ಪುಸ್ತಕ ಹೊಲೀತೀನಮ್ಮ, ಕೂತಲ್ಲೇ."

"ಕೂತು ದುಡಿಯುವವನಿಗೆ, ಕೂರಲು ಬಿಡುವಿಲ್ಲದವಳಿಂದ" ಎಂದು ಬರೆದು ರುಜು ಹಾಕಿಕೊಟ್ಟಳು. ಅವನ ಬಾಳಿನಲ್ಲಿ ಅವನಿಗಾಗಿಯೇ ಯಾರಾದರೂ ಬರೆದ ವಾಕ್ಯವೆಂದರೆ ಅದೊಂದೇ.

ನೆಲಮಾಳಿಗೆಯಲ್ಲಿ ಇದನ್ನು ಬಾಯಿಬಿಟ್ಟಿರಲಿಲ್ಲ. "ಗೋಂದಣ್ಣ ಕುಣಿಯೋಕೆ ಹೊರಟ" ಎಂದು ಜನ ಆಡಿಕೊಂಡಾರೆಂಬ ಅಳುಕು. ಹೆಂಡತಿಯೊಬ್ಬಳಿಗೇ ಗೊತ್ತು.

ಅರವತ್ತೊಂದು ಪುಸ್ತಕವಾಯಿತು. ಕಣ್ಣಿಗೆ ಪೊರೆ ಬಂತು, ಕೈ ನಡುಗತೊಡಗಿತು. ಪುಸ್ತಕಗಳನ್ನು ಕೊಟ್ಟುಬಿಡುತ್ತೇನೆಂದು ನೃತ್ಯ ಕಾಲೇಜಿಗೆ ಪತ್ರ ಬರೆದ. ಅಲ್ಲಿನ ಮುಖ್ಯಸ್ಥೆ ಫೋನಿನಲ್ಲಿ ಸೀದಾ ಹೇಳಿದಳು: "ಪುಸ್ತಕಗಳು ನಮ್ಮ ಹತ್ರ ಇವೆ ಸರ್. ನಮಗೆ ಬೇಕಾಗಿರೋದು ರುಜು. ಅದಿದ್ರೆ ಗಾಜಿನ ಬೀರು ಮಾಡಿಸಿ ನಿಮ್ಮ ಹೆಸರಲ್ಲೇ ಇಡ್ತೀವಿ." ಬಾಳಿಗೊಂದು ಅರ್ಥ ಸಿಕ್ಕಿತೆಂದುಕೊಂಡ.

ಆದರೆ ರಟ್ಟುಗಳನ್ನು ಹುಳ ತಿಂದಿತ್ತು. ಹಾಗೇ ಕಳಿಸಲು ಅವನ ಕಸುಬಿನ ಜಂಬ ಬಿಡಲಿಲ್ಲ. ತನ್ನ ಕೈಕೆಳಗೆ ಕಲಿತು ಈಗ ಅದೇ ನೆಲಮಾಳಿಗೆ ನೋಡಿಕೊಳ್ಳುವ ಶಿಷ್ಯೆಗೆ ಮೂರು ಪೆಟ್ಟಿಗೆ ಒಪ್ಪಿಸಿದ.

"ಹೇಗೆ ಮಾಡ್ಲಿ ಮೇಷ್ಟ್ರೇ?"

"ಹೇಗೆ ಅಂದ್ರೆ? ನಾನು ಕಲಿಸಿದ ಹಾಗೆ."

ಹೆಚ್ಚಿಗೆ ಹೇಳಲಿಲ್ಲ. ಈ ವಯಸ್ಸಿನಲ್ಲೂ ನಾಚಿಕೆ.

ಹತ್ತು ದಿನಕ್ಕೆ ಅವಳೇ ಪುಸ್ತಕಗಳನ್ನು ಮನೆಗೆ ತಂದಳು. ಕಡುಗೆಂಪು ಬಟ್ಟೆ, ಗೆರೆ ಎಳೆದಂತೆ ಕತ್ತರಿಸಿದ ಅಂಚು. ಅವನು ಮುದಿ ನರ್ತಕಿಯ ಪುಸ್ತಕ ತೆರೆದು ಕಣ್ಣಿಗೆ ಹತ್ತಿರ ಹಿಡಿದ. ಮೊದಲ ಹಾಳೆ ಹೊಚ್ಚಹೊಸದು, ಬೆಳ್ಳಗೆ. ಇನ್ನೊಂದು ತೆರೆದ. ಮತ್ತೊಂದು.

"ಇಲ್ಲಿದ್ದ ಹಾಳೆ?"

"ಎಲ್ಲದ್ರಲ್ಲೂ ಯಾರೋ ಗೀಚಿದ್ರು ಮೇಷ್ಟ್ರೇ. ಗೀಚಿದ ಹಾಳೆ ತೆಗೆದು ಹೊಸದು ಹಾಕು ಅಂತ ನೀವೇ ಎಷ್ಟು ಸಲ ಬೈದಿಲ್ಲ? ಎಸೆದಿಲ್ಲ ಮತ್ತೆ. ನಾಲ್ಕೈದು ಸೇರಿಸಿ ಅಂಟಿಸಿ, ಒತ್ತಿ, ಇದಕ್ಕೂ ಇನ್ನು ಕೆಲವಕ್ಕೂ ರಟ್ಟು ಮಾಡಿದೀನಿ. ಒಂದು ಚೂರೂ ದಂಡ ಆಗಿಲ್ಲ."

ಹೊಗಳಿಕೆಗೆ ಕಾದು ನಿಂತಿದ್ದಳು. ಅವನು ರಟ್ಟನ್ನು ಬೆರಳಿನಿಂದ ತಟ್ಟಿ ನೋಡಿದ. ಗಟ್ಟಿ ಸದ್ದು.

"ಕೆಲಸ ಚೊಕ್ಕವಾಗಿದೆ," ಎಂದ.

ಅವಳು ಕಾಫಿ ಕುಡಿದು ಸಂತೋಷದಿಂದ ಹೋದಳು.

ಬಾಗಿಲು ಹಾಕಿದ ಮೇಲೆ ಅವನು ಆ ಪುಸ್ತಕದ ಮುಂದಿನ ರಟ್ಟನ್ನು ಸೀಳಿ, ಬಟ್ಟೆ ಸುಲಿದು, ಬೋಗುಣಿಯ ಬಿಸಿನೀರಿನಲ್ಲಿ ಮುಳುಗಿಸಿದ. ಹೆಂಡತಿ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಶಾಯಿ ಬಿಟ್ಟು ನೀರು ತೆಳು ನೀಲಿಗೆ ತಿರುಗಿತು. ಅವನು ರಟ್ಟಿನ ಮೂಲೆಯನ್ನು ಉಗುರಿನಿಂದ ಬಿಡಿಸಲು ನೋಡಿದ. ಹಾಳೆ ಹಿಟ್ಟಿನಂತೆ ಕೈಗೆ ಬಂತೇ ಹೊರತು ಪದರ ಬಿಡಲಿಲ್ಲ.

"ಏನೂಂದ್ರೆ, ಅಂಟು ಕರಗೋದಿಲ್ವಾ?"

"ಒಂದ್ಸಲ ಒಣಗಿದ್ರೆ ನೀರಿಗೂ ಬಿಡದ ಅಂಟು. ಅಳತೆ ನಾನೇ ಹೇಳಿಕೊಟ್ಟಿದ್ದು. ಚೆನ್ನಾಗಿ ಕಲಿತಿದಾಳೆ."

"ಅವಳಿಗೆ ಒಂದು ಮಾತು ಹೇಳಬಾರದಿತ್ತಾ?"

"ಯಾವಾಗ? ಕೊಡೋವಾಗ ಹೇಳಬೇಕಿತ್ತು."

ಹೆಂಡತಿ ಎದ್ದು ಬೋಗುಣಿ ಎತ್ತಿಕೊಂಡಳು. ಅವನು ಚೆಲ್ಲಲು ಬಿಡಲಿಲ್ಲ.

"ನಾಳೆ ಕಾಲೇಜಿನವರು ಪುಸ್ತಕ ಒಯ್ಯೋಕೆ ಬಂದ್ರೆ, ನಾನಿಲ್ಲ ಅನ್ನು," ಎಂದ.