ಸನ್ನದು ಬೆಂಗಳೂರಿಗೆ ಹೋದ ಮೇಲೆ

ವಕೀಲನಾಗಿದ್ದ ಮೂರು ವರ್ಷ ಕೋರ್ಟಿನಲ್ಲಿ ನಾನು ಸ್ವಂತ ಸ್ವರದಲ್ಲಿ ಮಾತಾಡಿದ್ದು ಕಡಿಮೆ. ಇದರಲ್ಲಿ ತಪ್ಪು ನನ್ನದಲ್ಲ, ನಮ್ಮ ತಾಲೂಕು ಕೋರ್ಟುಗಳ ಪದ್ಧತಿಯದ್ದು. ಒಬ್ಬ ವಕೀಲರಿಗೆ ಒಂದೇ ದಿನ ಬಂಟ್ವಾಳದಲ್ಲೂ ಬೆಳ್ತಂಗಡಿಯಲ್ಲೂ ಕೇಸು ಇರುತ್ತದೆ. ಕೇಸು ಕರೆಯುವಾಗ ಅವರು ಬಸ್ಸಿನಲ್ಲೋ ಹೋಟೆಲಿನಲ್ಲೋ ಇರುತ್ತಾರೆ. ಆಗ ಮೇಜಿನ ಸುತ್ತ ಖಾಲಿ ಕೂತ ಯಾವನಾದರೂ ಕಿರಿಯ ಎದ್ದು, "ಬರ್ತಾ ಇದ್ದಾರೆ ಸ್ವಾಮಿ, ಪಾಸ್ ಓವರ್ ಮಾಡಬೇಕು" ಎನ್ನಬೇಕು. ಅಂದರೆ ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಅಂತ. ಖಾಲಿ ಕೂರುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಹಾಗಾಗಿ ಏಳುವವನೂ ನಾನೇ. ಬರೀ ಎದ್ದು ಹೇಳಿದರೆ ಬೇಸರ ಅಲ್ವಾ? ಯಾರ ಪರವಾಗಿ ಏಳುತ್ತೇನೋ ಅವರ ಸ್ವರದಲ್ಲೇ ಹೇಳುತ್ತಿದ್ದೆ. ಒಬ್ಬರದು ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುವ "ಸ್ವಾಮೀ". ಇನ್ನೊಬ್ಬರದು ಹಂಚಿನ ಕಾರ್ಖಾನೆಯ ಸೈರನ್ನಿನ ಹಾಗೆ ಏರಿ ಇಳಿಯುವ "ಸ್ವಾಮಿ". ಜಡ್ಜ್ ಸಾಹೇಬರು ತಲೆ ತಗ್ಗಿಸಿಯೇ ಬರೆದುಕೊಳ್ಳುತ್ತಿದ್ದರು. ನಗುವುದು ಕಾಣದಿರಲಿ ಎಂದು ತಗ್ಗಿಸುತ್ತಿದ್ದರೋ ಏನೋ.

ನನ್ನ ಸೀನಿಯರು ಒಬ್ಬ ಮೇಡಂ. ಲಾಯಿಲದಲ್ಲಿ ಅವರ ಆಫೀಸು. ವಾದ ಶುರು ಮಾಡುವ ಮೊದಲು ಮೂರು ಸಲ ಕೆಮ್ಮುತ್ತಾರೆ. ಮೊದಲನೆಯದು ಜಡ್ಜರಿಗೆ, ಎರಡನೆಯದು ಎದುರು ವಕೀಲರಿಗೆ, ಮೂರನೆಯದು ತಮಗೆ. ಆಮೇಲೆ ಪಠ್ಯಪುಸ್ತಕ ಓದಿದ ಹಾಗೆ, "ತಾವು ದಯವಿಟ್ಟು ಗಮನಿಸಬೇಕು..." ಅವರ ಎದುರೇ ಅವರನ್ನು ಮಾಡಿ ತೋರಿಸಿದ್ದೇನೆ. "ಮೂರನೇ ಕೆಮ್ಮು ಸರಿಯಾಗಲಿಲ್ಲ ಮಾರಾಯ" ಎಂದು ತಿದ್ದಿದರು.

ಹೀಗಿರುವಾಗ ಮೂಡುಬಿದಿರೆಯ ಗೇರುಬೀಜದ ಕಂಪನಿಯೊಂದಕ್ಕೆ ಕಾನೂನು ಅಧಿಕಾರಿ ಬೇಕು ಎಂಬ ಸುದ್ದಿ ಬಂತು. ಹೋದೆ. ಕಂಪನಿಯ ಧಣಿಗಳು ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಜೈನ ಮನೆತನದವರು. ನನ್ನನ್ನು ಕರೆದದ್ದು ಸಂಜೆಗೆ. ಹಾಗಾಗಿ ಅವರ ಕಣ್ಣು ಅರ್ಧ ನನ್ನ ಮೇಲೆ, ಅರ್ಧ ಕಿಟಕಿಯ ಬಿಸಿಲಿನ ಮೇಲೆ. ಬಿಸಿಲು ಮೇಜಿನಿಂದ ನೆಲಕ್ಕೆ ಇಳಿಯುವಷ್ಟರಲ್ಲಿ ಕೆಲಸ ನನ್ನದಾಯಿತು.

"ಕೋರ್ಟು ಇರುವ ದಿನ ಕೋರ್ಟಿಗೆ, ಇಲ್ಲದ ದಿನ ಇಲ್ಲಿಗೆ" ಎಂದರು ಧಣಿಗಳು. "ವಕೀಲರೂ ನಮ್ಮವರೇ, ಅಧಿಕಾರಿಯೂ ನಮ್ಮವರೇ. ಅಲ್ವಾ?"

ನಾನು ತಲೆಯಾಡಿಸಿದೆ. ಅಲ್ಲ ಎಂದು ಪರೀಕ್ಷೆಗೆ ಓದಿದ್ದು ಎಲ್ಲೋ ಹಿತ್ತಲಿನಲ್ಲಿ ನಿಂತು ಕೂಗುತ್ತಿತ್ತು, ಕೇಳಿಸಲಿಲ್ಲ.

ಮರುದಿನ ಮೇಡಂ ಕೇಳಿಸಿದರು. "ಪೂರ್ತಿ ಸಂಬಳಕ್ಕೆ ಸೇರಿದ ಮೇಲೆ ವಕೀಲಿಕೆ ನಡೆಸುವ ಹಾಗಿಲ್ಲ ಮಾರಾಯ. ಬೆಂಗಳೂರಿನ ವಕೀಲರ ಪರಿಷತ್ತಿಗೆ ಬರೆದು ತಿಳಿಸಬೇಕು, ಸನ್ನದನ್ನು ಅಮಾನತಿನಲ್ಲಿ ಇಡಬೇಕು. ಆ ಕೆಲಸ ಬಿಡುವವರೆಗೆ ಕರಿಕೋಟು ಬೀರುವಿನಲ್ಲಿ."

ಸನ್ನದು ಎಂದರೆ ವಕೀಲಿಕೆ ನಡೆಸಲು ಕೊಡುವ ಪ್ರಮಾಣಪತ್ರ. ಅದಿಲ್ಲದವನು ಕೋರ್ಟಿನಲ್ಲಿ ಎದ್ದು ನಿಂತರೂ ಅವನು ನಿಂತ ಹಾಗೆ ಅಲ್ಲ.

ನನಗೆ ನಿಜವಾಗಿ ಕುತೂಹಲ ಹುಟ್ಟಿತು. ಕಂಪನಿಯಲ್ಲಿ ಸಂಬಳಕ್ಕಿರುವ ಡಾಕ್ಟರು ಸೂಜಿ ಚುಚ್ಚುತ್ತಾನೆ, ಇಂಜಿನಿಯರು ಕಟ್ಟಡ ಕಟ್ಟುತ್ತಾನೆ. ವಕೀಲನಿಗೆ ಮಾತ್ರ ಏನು ರೋಗ?

"ಧಣಿಗೆ ಜ್ವರ ಇಲ್ಲ ಎಂದು ಡಾಕ್ಟರು ಮುಖಸ್ತುತಿ ಮಾಡಿದರೆ ಜ್ವರ ಇಳಿಯುವುದಿಲ್ಲ" ಎಂದರು ಮೇಡಂ. "ಆದರೆ ಧಣಿ ಹೇಳಿಕೊಟ್ಟದ್ದನ್ನೇ ವಕೀಲ ಒಪ್ಪಿಸಿದರೆ ಕೋರ್ಟು ನಂಬೀತು. ಕಕ್ಷಿದಾರನಿಗೆ 'ಆಗುವುದಿಲ್ಲ' ಎನ್ನುವ ಬಾಯಿ ವಕೀಲನಿಗೆ ಬೇಕು. ತಿಂಗಳ ಕೊನೆಗೆ ಸಂಬಳ ಕೊಡುವವರ ಎದುರು ಆ ಬಾಯಿ ತೆರೆಯುತ್ತದಾ?"

"ಯಾರಿಗೂ ಹೇಳದೆ ಎರಡೂ ಮಾಡಿದರೆ?"

"ಯಾರಾದರೂ ಒಂದು ದೂರು ಕೊಟ್ಟರೆ ಸಾಕು. ಅಮಾನತಿನಲ್ಲಿ ಇಟ್ಟದ್ದನ್ನು ವಾಪಸ್ ಕೇಳಬಹುದು. ಕಳಕೊಂಡದ್ದನ್ನು ಕೇಳಲಿಕ್ಕೆ ಮುಖ ಉಂಟಾ?"

ಅಮಾನತಿಗೆ ಮೂಲ ಪ್ರತಿಯೇ ಬೇಕು. ಅದು ಕೊಕ್ಕಡದ ನಮ್ಮ ಮನೆಯಲ್ಲಿ, ಕಟ್ಟು ಹಾಕಿಸಿಕೊಂಡು ದೇವರ ಪಟಗಳ ಸಾಲಿನಲ್ಲಿ ನೇತಾಡುತ್ತಿತ್ತು. ಪ್ರತಿ ಶುಕ್ರವಾರ ಅಮ್ಮ ಅದರ ಗಾಜಿಗೂ ಒಂದು ಕುಂಕುಮದ ಬೊಟ್ಟು ಇಡುತ್ತಿದ್ದಳು. ಸರಿಯಾಗಿ ನನ್ನ ಫೋಟೋದ ಹಣೆಗೆ.

"ವಕೀಲನ ಕೆಲಸ ಸಿಕ್ಕಿತು ಅಂತ ವಕೀಲಿಕೆ ಬಿಡುವುದಾ?" ಅಮ್ಮ ಸೊಂಟಕ್ಕೆ ಕೈ ಇಟ್ಟಳು. "ಮದುವೆ ಆಯಿತು ಅಂತ ಹೆಂಡತಿಯನ್ನು ಬಿಟ್ಟ ಹಾಗಾಯಿತು."

"ಬಿಡುವುದಲ್ಲ ಅಮ್ಮ, ತವರಿಗೆ ಕಳಿಸುವುದು."

"ತವರಿಗೆ ಹೋದವಳು ವಾಪಸ್ ಬಂದರೆ ಆಯಿತು" ಎಂದು ಒಳ್ಳೆಯ ದಿನ ನೋಡಿ ಪಟ ಇಳಿಸಿಕೊಟ್ಟಳು. ಸನ್ನದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬೆಂಗಳೂರಿಗೆ ಹೋಯಿತು. ಆ ಮೊಳೆಗೆ ಅಮ್ಮ ಗೇರುಬೀಜದ ಕಂಪನಿಯ ಕ್ಯಾಲೆಂಡರು ಹಾಕಿದಳು. ಅದಕ್ಕೂ ಶುಕ್ರವಾರ ಬೊಟ್ಟು ಬೀಳುತ್ತದೆ.

ಕಂಪನಿಯಲ್ಲಿ ನಾನು ಏನು ಎಂಬುದು ಯಾರಿಗೂ ಗೊತ್ತಿರಲಿಲ್ಲ, ನನಗೂ ಸೇರಿ. ಆಫ್ರಿಕದಿಂದ ಬರುವ ಗೇರುಬೀಜದ ಕರಾರು ಓದುವುದು, ನೋಟೀಸಿಗೆ ಉತ್ತರ ತಯಾರಿಸುವುದು, ಯಾವ ಕಾಗದಕ್ಕೆ ಸಹಿ ಹಾಕಬಾರದು ಎಂದು ಹೇಳುವುದು. ಇದೆಲ್ಲ ಮಾಡಬಹುದು. ಕೋರ್ಟಿನಲ್ಲಿ ವಾದಿಸುವುದು ಮಾತ್ರ ಮೇಡಂ. ಧಣಿಗಳು ನನ್ನ ಕೋಣೆಯಲ್ಲಿ ಗೌನು ನೇತುಹಾಕಲಿಕ್ಕೆ ಅಂತ ಮೊದಲೇ ಒಂದು ಹಿತ್ತಾಳೆಯ ಕೊಕ್ಕೆ ಹೊಡೆಸಿದ್ದರು. ನಾನು ಅದಕ್ಕೆ ಕೊಡೆ ನೇತುಹಾಕಿದೆ. ಅವರು ದಿನಾ ಕೊಡೆಯನ್ನು ನೋಡುತ್ತಿದ್ದರು, ತಮಗೆ ಮೋಸವಾದ ಹಾಗೆ.

"ವಕೀಲ್ರೇ" ಎಂದು ಕರೆಯುತ್ತಿದ್ದರು.

"ವಕೀಲ ಅಲ್ಲ ಧಣಿಗಳೇ, ಕಾನೂನು ಅಧಿಕಾರಿ."

"ಆಯ್ತು ವಕೀಲ್ರೇ."

ಒಮ್ಮೆ ಬಾಗಿಲು ಹಾಕಿ ಹತ್ತಿರ ಬಂದು, "ಒಂದು ಗುಟ್ಟು ಉಂಟು..." ಎಂದು ಶುರು ಮಾಡಿದರು. ವಕೀಲರಿಗೆ ಹೇಳಿದ ಗುಟ್ಟಿಗೆ ಕಾನೂನಿನ ಕಾವಲು ಉಂಟು, ನನ್ನಂಥ ಸಂಬಳದವನಿಗೆ ಹೇಳಿದ್ದಕ್ಕೆ ಅಷ್ಟು ಗಟ್ಟಿ ಕಾವಲು ಇಲ್ಲ ಎಂದು ಮೇಡಂ ಎಚ್ಚರಿಸಿದ್ದರು. ನಾನು ಎರಡೂ ಕಿವಿ ಮುಚ್ಚಿಕೊಂಡು, "ಮೇಡಂಗೆ ಹೇಳಿ, ಮೇಡಂಗೆ ಹೇಳಿ" ಎಂದೆ. ಕಿವಿ ಮುಚ್ಚುವ ವಕೀಲನನ್ನು ಅವರು ನೋಡಿದ್ದು ಅದೇ ಮೊದಲು.

ಫಜೀತಿ ಬಂದದ್ದು ಬಂಟ್ವಾಳದಲ್ಲಿ. ಅಲ್ಲಿ ಕಂಪನಿಯ ಒಂದು ಗೋದಾಮು ಉಂಟು. ಅದಕ್ಕೆ ಹೋಗುವ ಓಣಿಯ ಪಕ್ಕದ ಮನೆಯ ಅಜ್ಜ, ಲಾರಿ ಹೋಗಬಾರದೆಂದು ದಾವೆ ಹಾಕಿ ತಡೆಯಾಜ್ಞೆ ಕೇಳಿದ್ದ. ಅದಕ್ಕೆ ನಮ್ಮ ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ಅದು. ಸಲ್ಲಿಸದಿದ್ದರೆ ಆಜ್ಞೆ ಆಗುತ್ತದೆ, ಲಾರಿ ನಿಲ್ಲುತ್ತದೆ. ಆಕ್ಷೇಪಣೆ ಮೇಡಂ ಕೈಯಲ್ಲಿ, ಮೇಡಂ ಬೆಳ್ತಂಗಡಿಯಿಂದ ಬರುವ ದಾರಿಯಲ್ಲಿ, ದಾರಿಗೆ ಅಡ್ಡವಾಗಿ ರಸ್ತೆ ಅಗಲ ಮಾಡುವ ಯಂತ್ರ.

ಧಣಿಗಳೂ ನಾನೂ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಅದೇ ಬೆಂಚಿನ ಆ ತುದಿಯಲ್ಲಿ ಅಜ್ಜ. ಮೊದಲ ಸಲ ಕರೆದಾಗ ನನ್ನ ಹಳೆಯ ಗೆಳೆಯನೊಬ್ಬ ಎದ್ದು ಪಾಸ್ ಓವರ್ ಕೇಳಿದ, ಸಿಕ್ಕಿತು. ಆಮೇಲೆ ಅವನು ತನ್ನ ಕೇಸಿಗೆಂದು ಪಕ್ಕದ ಹಾಲಿಗೆ ಹೋದ. ಎರಡನೇ ಸಲ ಕರೆದಾಗ ನಮ್ಮ ಪರ ಮೇಜಿನಿಂದ ಯಾರೂ ಏಳಲಿಲ್ಲ.

"ಪ್ರತಿವಾದಿ ಪರ?" ಜಡ್ಜ್ ಸಾಹೇಬರು ಪೆನ್ನು ಎತ್ತಿದರು.

ಮೇಜಿನ ಸುತ್ತ ಕೂತವರೆಲ್ಲ ತಿರುಗಿ ನನ್ನನ್ನು ನೋಡಿದರು. ಮೂರು ವರ್ಷದ ಅಭ್ಯಾಸ, ಮೊಣಕಾಲು ತಾನಾಗಿ ನೆಟ್ಟಗಾಗತೊಡಗಿತು. ಗಂಟಲಿನಲ್ಲಿ ಮೇಡಂನ ಮೊದಲ ಕೆಮ್ಮು ಬಂದು ನಿಂತಿತ್ತು.

"ಏಳಿ ವಕೀಲ್ರೇ" ಧಣಿಗಳು ಮೊಣಕೈಯಲ್ಲಿ ತಿವಿದರು. "ಕೋಟು ಕಾರಿನಲ್ಲಿ ಉಂಟು, ಇರ್ಲಿ ಅಂತ ತಂದಿದ್ದೇನೆ. ಯಾರಿಗೆ ಗೊತ್ತಾಗ್ತದೆ?"

ಆ ಹಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎದುರು ವಕೀಲರಿಗಂತೂ ಚೆನ್ನಾಗಿಯೇ. ಅವರದೇ ಮೂಗಿನ "ಸ್ವಾಮೀ"ಯನ್ನು ನಾನು ಎಷ್ಟೋ ಸಲ ಸಾಲ ತಂದಿದ್ದೆ. ದೂರು ಬರೆಯಲು ಅವರಿಗೆ ಕಾರಣ ಬೇಕಿದ್ದರೆ ಈಗ ಒಂದು ಸಿಗುತ್ತಿತ್ತು.

"ಆಗುವುದಿಲ್ಲ ಧಣಿಗಳೇ" ಎಂದೆ.

ಎದ್ದೆ. ಮೇಜಿನ ಕಡೆಗೆ ಹೋಗದೆ, ಪಾರ್ಟಿಗಳು ನಿಲ್ಲುವ ಮರದ ಕಟಾಂಜನದ ಹಿಂದೆ ಹೋಗಿ ಕೈ ಮುಗಿದೆ. ಆ ಜಾಗದಲ್ಲಿ ನಾನು ಯಾವತ್ತೂ ನಿಂತಿರಲಿಲ್ಲ. ಕೈಯನ್ನು ಎಲ್ಲಿ ಇಡಬೇಕು ಎಂದು ಗೊತ್ತಾಗಲಿಲ್ಲ.

"ಅಲ್ಲಿ ಯಾಕೆ? ಈಚೆ ಬನ್ನಿ" ಎಂದರು ಜಡ್ಜ್ ಸಾಹೇಬರು, ಹಳೆಯ ಸಲುಗೆಯಿಂದ.

"ಬರುವ ಹಾಗಿಲ್ಲ ಸ್ವಾಮಿ. ಈಗ ನಾನು ಕಂಪನಿಯ ನೌಕರ. ಸನ್ನದು ಅಮಾನತಿನಲ್ಲಿ ಉಂಟು. ನಮ್ಮ ವಕೀಲರು ದಾರಿಯಲ್ಲಿದ್ದಾರೆ, ಆಕ್ಷೇಪಣೆ ಅವರ ಹತ್ತಿರ ಉಂಟು."

ಸ್ವರ ನಡುಗಿತು. ತೆಳ್ಳಗೆ, ಸ್ವಲ್ಪ ಒಡಕಾಗಿ, ಶಾಲೆಯಲ್ಲಿ ಪದ್ಯ ಮರೆತ ಹುಡುಗನ ಸ್ವರ. ಯಾರದಪ್ಪಾ ಇದು ಎಂದು ನಾನೇ ಒಂದು ಕ್ಷಣ ಹುಡುಕಿದೆ. ಎದುರು ವಕೀಲರು ಅರ್ಧ ಎದ್ದವರು ಹಾಗೇ ಕೂತರು. ಆಕ್ಷೇಪಿಸಲಿಕ್ಕೆ ಏನೂ ಉಳಿದಿರಲಿಲ್ಲ.

ಜಡ್ಜ್ ಸಾಹೇಬರು ಈ ಸಲ ತಲೆ ತಗ್ಗಿಸಲಿಲ್ಲ. "ಓ, ನಿಮ್ಮ ಸ್ವರ ಇದಾ?" ಎಂದರು. ಹಾಲ್ ನಕ್ಕಿತು. "ಊಟದ ನಂತರ ಕರೆಯಿರಿ."

ಊಟದ ನಂತರ ಮೇಡಂ ಬಂದರು, ಸೀರೆಯ ಅಂಚಿಗೆಲ್ಲ ರಸ್ತೆಯ ಕೆಂಪು ಧೂಳು. ಆಕ್ಷೇಪಣೆ ಸಲ್ಲಿಸಿ ವಾದ ಶುರು ಮಾಡಿದರು. ಬೆಂಚಿನಿಂದ ನನಗೆ ಕಂಡದ್ದು ಎರಡು ಕರಿ ಬೆನ್ನುಗಳು. ಕೇಳಿಸಿದ್ದು ಫ್ಯಾನು. ಎಲಾ! ಮೂರು ವರ್ಷ ನಾನೂ ಇವರಿಗೆಲ್ಲ ಬರೀ ಬೆನ್ನಾಗಿದ್ದೆನಾ? ಇಷ್ಟು ಸ್ವರ ಮಾಡಿದ್ದೆಲ್ಲ ಈ ಬೆಂಚಿಗೆ ಒಂದೂ ತಲುಪಿರಲಿಲ್ಲವಾ?

"ದಾದ ಪಂಡೆರ್?" ಧಣಿಗಳು ತುಳುವಿನಲ್ಲಿ ಕಿವಿಗೆ ಬಂದರು. ಏನು ಹೇಳಿದರು?

ಮೇಡಂ ಪಕ್ಕಕ್ಕೆ ತಿರುಗಿದಾಗ ಕಾಣುವ ತುಟಿಯ ಅಂಚು, ತಲೆ ಅಲ್ಲಾಡುವ ರೀತಿ, ಫ್ಯಾನಿನ ಸಂದಿಯಲ್ಲಿ ತೂರಿಬರುವ ಎರಡು ಶಬ್ದ, ನನಗೆ ಅಷ್ಟು ಸಾಕು. ಮೊದಲು ಮೂರು ಪಿಸುಗೆಮ್ಮು. ಆಮೇಲೆ ಮೇಡಂನ ವಾದ ತುಳುವಿನಲ್ಲಿ, ಮೇಡಂನದೇ ಧಾಟಿಯಲ್ಲಿ, ಪಿಸುಮಾತಿನಲ್ಲಿ. ಧಣಿಗಳ ಹೊಟ್ಟೆ ಕುಲುಕತೊಡಗಿತು. ಆದರೆ ಕಿವಿ ಕದಲಲಿಲ್ಲ. ವರ್ಷಗಟ್ಟಲೆ ಕೇಸು ನಡೆಸಿದವರು ಕೇಸು ಕೇಳುತ್ತಿದ್ದದ್ದು ಅದೇ ಮೊದಲು.

ಬೆಂಚು ಕಿರ್ ಎಂದಿತು. ಅಜ್ಜ ಆ ತುದಿಯಿಂದ ಜಾರುತ್ತಾ ಬಂದು ನಮ್ಮ ಪಕ್ಕವೇ ತಲುಪಿದ್ದ. "ನಮ್ಮವರು ಎಂತ ಹೇಳ್ತಾ ಇದ್ದಾರೆ ಮಗಾ?"

ಎದುರು ಪಾರ್ಟಿ! ನಾನು ಧಣಿಗಳ ಮುಖ ನೋಡಿದೆ. ಅವರು ಅಜ್ಜನ ಮುಖ ನೋಡಿದರು. "ಹೇಳಿ ಅತ್ಲಾಗಿ" ಎಂದರು. "ತೆರೆದ ಕೋರ್ಟು ಅಲ್ವಾ." ಹಾಗಾಗಿ ಅಜ್ಜನ ವಕೀಲರನ್ನೂ ಮಾಡಿದೆ, ಮೂಗಿನಲ್ಲಿ.

ಕೊನೆಗೆ ಜಡ್ಜ್ ಸಾಹೇಬರ ಸರದಿ. ಸದ್ಯಕ್ಕೆ ಲಾರಿ ಹಗಲು ಹೋಗಬಹುದು, ರಾತ್ರಿ ಹೋಗಬಾರದು, ಮುಂದಿನ ವಿಚಾರ ಮುಂದೆ. ಅದನ್ನೂ ಅವರದೇ ಗಾಂಭೀರ್ಯದಲ್ಲಿ ಪಿಸುಗುಟ್ಟಿದೆ.

"ರಾತ್ರಿ ಇಲ್ಲವಾ?" ಅಜ್ಜ ಬೆನ್ನು ಸಡಿಲ ಬಿಟ್ಟ. "ಹಾಗಾದರೆ ನಿದ್ರೆ ಬರ್ತದೆ."

"ನಿದ್ರೆ ಬೇಕಿತ್ತಾ ನಿಮಗೆ? ಓಣಿ ಅಲ್ಲವಾ?" ಎಂದರು ಧಣಿಗಳು.

"ಓಣಿ ಇಟ್ಟುಕೊಂಡು ನಾನು ಎಂತ ಮಾಡುವುದು ಮಾರಾಯ್ರೆ?"

ಕಾರಿನಲ್ಲಿ ಹಿಂದಿನ ಸೀಟಿನ ಕೊಕ್ಕೆಗೆ ಇಸ್ತ್ರಿ ಮಾಡಿದ ಕರಿಕೋಟು ತೂಗುತ್ತಿತ್ತು, ನಮ್ಮ ಜೊತೆ ಬಂದ ಮೂರನೆಯವನ ಹಾಗೆ.

"ವಕೀಲ್ರೇ..." ಎಂದು ಧಣಿಗಳು ಶುರು ಮಾಡಿ ತಡೆದರು. "ಅಲ್ಲ, ನಿಮ್ಮನ್ನು ಎಂತ ಅಂತ ಕರೆಯುವುದು ಈಗ?"

"ಅದನ್ನೇ ನಾನೂ ನೋಡ್ತಾ ಇದ್ದೇನೆ ಧಣಿಗಳೇ."

ಅವರು ಕಿಟಕಿಯಿಂದ ಬಗ್ಗಿ ಬಿಸಿಲು ಎಲ್ಲಿಯವರೆಗೆ ಇಳಿದಿದೆ ಎಂದು ನೋಡಿದರು. "ನೋಡುವ. ಮುಂದಿನ ವಾಯಿದೆಗೆ ಆ ಅಜ್ಜನಿಗೆ ನಮ್ಮ ಹತ್ತಿರವೇ ಜಾಗ ಇಡಿ. ಈಗ ಬೇಗ ಹೋಗುವ, ಊಟದ ಹೊತ್ತು ತಪ್ತದೆ."