ಬಾಗಿಲು ಹಿಡಿದು ನಿಂತ ಲಾರ್ಡ್

ನಮ್ಮ ಬ್ಯಾಂಕಿನ ಅಧ್ಯಕ್ಷರು ಲಂಡನ್ನಿನವರು. ಅಮೆರಿಕದ ಲಿಸ್ಲ್ ಎಂಬ ಊರಿನಲ್ಲಿದ್ದ ನಮ್ಮ ಆಫೀಸಿಗೆ ಬಂದಾಗಲೆಲ್ಲ ಬಾಗಿಲನ್ನು ತಾವೇ ತೆರೆದು ಹಿಡಿದು, ಕಸ ಗುಡಿಸುವವರಿಗೂ ತಲೆಬಾಗಿ, "ಮೊದಲು ನೀವು" ಎನ್ನುತ್ತಿದ್ದರು. ಇಂಗ್ಲೆಂಡಿನ ರಾಣಿ ಅವರಿಗೆ ಲಾರ್ಡ್ ಪದವಿ ಕೊಟ್ಟ ಮೇಲೂ ಆ ಅಭ್ಯಾಸ ಬಿಡಲಿಲ್ಲ.

ಲಾರ್ಡ್ ಆದ ವರ್ಷದ ಚಳಿಗಾಲದಲ್ಲೇ ಅವರು ನಮ್ಮ ಆಫೀಸನ್ನು ಮುಚ್ಚಿಸಿದರು. ಸುದ್ದಿಯನ್ನು ಬೇರೆಯವರಿಂದ ಹೇಳಿಸದೆ ತಾವೇ ಬಂದು ಹೇಳಿದರು. ನನ್ನ ವೀಸಾಕ್ಕೆ ಇನ್ನೇನು ಗತಿ ಎಂದುಕೊಳ್ಳುತ್ತ, ಮೇಜಿನ ಸಾಮಾನು ತುಂಬಿದ ಪೆಟ್ಟಿಗೆ ಹಿಡಿದು ಹೊರಟೆ. ಬಾಗಿಲಲ್ಲಿ ಅವರೇ ನಿಂತಿದ್ದರು.

"ಮೊದಲು ನೀವು" ಎಂದರು.

ಕಾರಿನಲ್ಲಿ ಕಾಯುತ್ತಿದ್ದ ಹೆಂಡತಿ ಅವರನ್ನೇ ನೋಡುತ್ತಿದ್ದಳು. "ಪಾಪ, ಈ ಚಳೀಲಿ ಬಾಗಿಲು ಹಿಡ್ಕೊಂಡು ನಿಂತಿದಾರೆ. ಆ ಸೆಕ್ಯೂರಿಟಿ ಅಂಕಲ್ ಕೆಲ್ಸಾನೂ ಹೋಯ್ತೇನ್ರೀ?"

"ಇಲ್ಲ ಕಣೇ," ಎಂದೆ. "ಅವರದ್ದೊಂದೇ ಉಳಿದಿರೋದು."