ಹೇಳದೆ ಉಳಿದ ಐದನೆಯದು

ಠಾಣಾ ಕುಶನೂರಿನಲ್ಲಿ ಕುರಿ ಕಾಯುತ್ತಿದ್ದ ನಮ್ಮಪ್ಪ ಧೊಂಡಿಬಾ ಕೊಡುವುದರಲ್ಲಿ ಧಾರಾಳಿ, ಹೇಳುವುದರಲ್ಲಿ ಜಿಪುಣ. ಮಳೆಗಾಲದಲ್ಲಿ ಕುರಿಗಳ ಗೊರಸು ಕೊಳೆತರೆ ಅವನ ಮುಲಾಮು ಹಚ್ಚಿದ ಮೂರೇ ದಿನಕ್ಕೆ ಎದ್ದು ಮೇಯಲು ಹೋಗುತ್ತಿದ್ದವು. ಔರಾದ, ಭಾಲ್ಕಿಯಿಂದಲೂ ಜನ ಬರುತ್ತಿದ್ದರು. ಬಂದವರಿಗೆಲ್ಲ ಪುಕ್ಕಟೆ. ಆದರೆ ಅರೆಯುವಾಗ ಹೆಂಡತಿ ಮಕ್ಕಳಿಗೂ ಬೆನ್ನು ತಿರುಗಿಸಿ ಕೂರುತ್ತಿದ್ದ. ಬಾಯಿಬಿಟ್ಟು ಹೇಳಿದರೆ ಔಷಧದ ಗುಣ ಹೋಗುತ್ತದೆಂದು ನಮ್ಮವರ ನಂಬಿಕೆ.

ಬೀದರಿನ ಸಂತೆಯಲ್ಲಿ ಯಾರೋ ಅವನ ಹೆಸರು ಹೇಳಿ ಡಾಂಬರಿನಂಥ ಮುಲಾಮು ಮಾರಿದರು. ಹಚ್ಚಿದ ಕುರಿಗಳು ಕುಂಟತೊಡಗಿದವು, ಬೈಗುಳ ಅಪ್ಪನಿಗೆ ಬಂತು. ಸಿಟ್ಟಿಗೆದ್ದು ನನ್ನನ್ನೂ ಕರೆದುಕೊಂಡು ಭಾಲ್ಕಿಯ ವಕೀಲ ಗೌಸೋದ್ದೀನರ ಬಳಿ ಹೋದ.

“ಪೇಟೆಂಟ್ ಮಾಡಸೂಣು ಧೊಂಡಿಬಾ,” ಎಂದರು ವಕೀಲರು. “ಗುಟ್ಟು ಪೂರಾ ಬರದು ಸರಕಾರಕ್ಕ ಕೊಡಬೇಕು. ಬ್ಯಾರೆಯವರು ಅದನ್ನ ಮಾಡಬಾರದಂತ ಸರಕಾರ ಕೆಲವು ವರ್ಷ ತಡೀತದ. ಆಮ್ಯಾಲ ಅದು ಎಲ್ಲರದು.”

“ಎಲ್ಲರದು ಯಾಕರಿ?”

“ಮನುಷ್ಯಾನ ಸಂಗಡ ಅವನ ಇಲ್ಮು, ಅವನ ವಿದ್ಯಾ, ಮಣ್ಣಾಗಬಾರದು. ಅದಕ್ಕಂತೇ ಈ ಕಾನೂನು ಹುಟ್ಟೇದ.”

ಅಪ್ಪ ಒಂದೊಂದಾಗಿ ನಾಲ್ಕು ಸಾಮಾನು ಹೇಳಿದ: ಬೇವಿನ ಚಕ್ಕೆ, ಅರಿಶಿನ, ಹೊಗೆಸೊಪ್ಪು, ಕುಸುಬೆ ಎಣ್ಣೆ. ಐದನೆಯದು ಬಾಯಿಂದ ಹೊರಡಲಿಲ್ಲ.

“ಮುಂದಿನ ಸಂತಿಗಿ ಬಂದು ಹೇಳ್ತೇನ್ರಿ.”

ನಾಲ್ಕನ್ನೂ ಉರ್ದುವಿನಲ್ಲಿ ಕಾಗದಕ್ಕೆ ಬರೆದುಕೊಂಡಿದ್ದ ವಕೀಲರು ನಕ್ಕು, ಐದರ ಅಂಕಿ ಹಾಕಿ, ಮುಂದೆ ಜಾಗ ಬಿಟ್ಟರು. “ಪೂರಾ ಹೇಳದಿದ್ರ ಹಕ್ಕಿಲ್ಲ, ನೆನಪಿರಲಿ.”

ಆ ಸಂತೆ ನೆರೆಯಲೇ ಇಲ್ಲ. ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿ ಪೊಲೀಸ್ ಆಕ್ಷನ್ ಆಯಿತು. ಅದರ ಬೆನ್ನಿಗೆ ಮುಸಲ್ಮಾನರ ಮೇಲೆ ಎದ್ದ ಗುಂಪೊಂದು ವಕೀಲರನ್ನು ಅವರ ಬಾಗಿಲಲ್ಲೇ ಕೊಂದಿತು. ಇರುವೆಗೂ ಕೇಡು ಬಗೆಯದ ಮನುಷ್ಯ! ಊರು ತಣ್ಣಗಾದ ಮೇಲೆ ನಾವು ಹೋದಾಗ ಅವರ ಹೆಂಡತಿ ಮುನವ್ವರ ಬೇಗಂ ಆ ಕಾಗದ ತಂದು ಅಪ್ಪನ ಕೈಗಿಟ್ಟರು.

“ನೀವು ನಂಬಿ ಇಟ್ಟಿದ್ದು, ನಿಮ್ಮ ಅಮಾನತ್ ಅದ ಅಣ್ಣಾ. ಜೋಪಾನ ಮಾಡಂತ ಹೇಳಿದ್ರು.”

ದಾರಿಯುದ್ದಕ್ಕೂ ಅಪ್ಪ ಅತ್ತ. “ಪುತಳಾ, ನಾ ಬಾಯಿ ಬಿಟ್ಟೆ, ಅವರ ಜೀವ ಹೋತು.” ಕೊಂದವರು ಬೇರೆ, ಪಾಪ ನಿನಗ್ಯಾಕೆ ಎಂದು ಜಗಳವಾಡಿದೆ. ಅವನ ಕಿವಿಗೆ ಹೋಗಲಿಲ್ಲ.

ಮೂರು ವರ್ಷಕ್ಕೆ ಅಪ್ಪ ಹಾಸಿಗೆ ಹಿಡಿದ. ಅವ್ವ ಹೀರಾಬಾಯಿ ಕಾಲು ಹಿಡಿದು ಕೇಳಿದಳು, ಐದನೆಯದು ಯಾವುದೆಂದು.

“ಬ್ಯಾಡ. ಹೇಳಿದ್ರ ನಿನಗೂ ಏನರೆ ಆದೀತು,” ಎಂದು ಗೋಡೆಗೆ ಮುಖ ತಿರುಗಿಸಿದ.

ಅವನು ತೀರಿಕೊಂಡ ಮೇಲೆ ಬಂದ ಮಳೆಗಾಲಕ್ಕೆ ನಮ್ಮ ಕುರಿಗಳ ಗೊರಸು ಕೊಳೆತವು. ನಾಲ್ಕನ್ನೂ ಅರೆದು ಹಚ್ಚಿದೆವು, ಒಂದೂ ಏಳಲಿಲ್ಲ. ಉರ್ದು ಬಲ್ಲ ಮಾಸ್ತರ ಮಚ್ಛೇಂದ್ರನಿಂದ ಕಾಗದ ಓದಿಸಿದೆ. ಐದರ ಮುಂದೆ ಏನಿದೆ ಎಂದು, ಗೊತ್ತಿದ್ದೂ, ಎರಡು ಸಲ ಕೇಳಿದೆ.

“ಜಾಗ ಬಿಟ್ಟಾರವ್ವಾ,” ಎಂದ. “ಅಷ್ಟೇ ಅದ.”